ಇತಿಹಾಸದ ಪಾಠ ಒಂದೇ ಸಲ ಬರೆದು ಅದರಿಂದಲೇ ಸ್ಲೈಡ್ ತೆಗೆಯುವುದು ಹೇಗೆ?

ತುಂಗಭದ್ರೆ:

ಎಲ್ಲರಿಗೂ ನಮಸ್ಕಾರ. ನಾನು ಪಿಯು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ, ಕನ್ನಡ ಮಾಧ್ಯಮ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ನನ್ನ ಹತ್ತಿರ ಒಂದೊಂದು ಪಾಠಕ್ಕೂ ಮೂರು ಫೈಲ್ ಇವೆ. ಪರದೆ ಮೇಲೆ ತೋರಿಸುವ ಸ್ಲೈಡ್ ಒಂದು, ಮಕ್ಕಳಿಗೆ ಜೆರಾಕ್ಸ್ ಮಾಡಿ ಕೊಡುವ ನೋಟ್ಸ್ ಒಂದು, ನಾನು ಕೈಯಲ್ಲಿ ಹಿಡಿದುಕೊಳ್ಳುವ ಟಿಪ್ಪಣಿ ಇನ್ನೊಂದು. ವಿಷಯ ಒಂದೇ, ಆದರೆ ಒಂದು ಕಡೆ ತಿದ್ದಿದರೆ ಇನ್ನೆರಡು ಕಡೆ ತಿದ್ದುವುದು ಮರೆತುಹೋಗುತ್ತದೆ. ಈ ವರ್ಷ ತಾಳಿಕೋಟೆ ಕದನ ಸ್ಲೈಡಿನಲ್ಲಿ 1565 ಅಂತ ಇದೆ, ನೋಟ್ಸ್‌ನಲ್ಲಿ 1556 ಅಂತ ಬಿದ್ದಿದೆ. ಅದನ್ನು ಹಿಡಿದದ್ದು ಒಬ್ಬ ಹುಡುಗಿ. ಅವಳು ಕೇಳದೆ ಹೋಗಿದ್ದರೆ ಪರೀಕ್ಷೆಯಲ್ಲಿ ಎಷ್ಟು ಮಕ್ಕಳು ತಪ್ಪು ಬರೆಯುತ್ತಿದ್ದರೋ.

ಇನ್ನೊಂದು ತೊಂದರೆ. ಹಳೆಯ ಸ್ಲೈಡ್‌ಗಳನ್ನು ನುಡಿಯ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದೆ. ಹೋದ ತಿಂಗಳು ಪ್ರೊಜೆಕ್ಟರ್ ಕೋಣೆಯ ಕಂಪ್ಯೂಟರ್ ಬದಲಾಯಿತು, ಅದರಲ್ಲಿ ಆ ಫಾಂಟ್ ಇಲ್ಲ, ಪರದೆ ತುಂಬಾ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಒಂದು ಗಂಟೆ ಬೋರ್ಡ್ ಮೇಲೆ ಬರೆದೇ ಪಾಠ ಮುಗಿಸಿದೆ.

ಪಾಠವನ್ನು ಟ್ಯಾಗ್ ಹಾಕಿ ಒಂದೇ ಕಡೆ ಬರೆದಿಟ್ಟರೆ ಸ್ಟೈಲ್‌ಶೀಟ್ ಕೊಟ್ಟು ಸ್ಲೈಡ್ ಬೇರೆ, ನೋಟ್ಸ್ ಬೇರೆ ತೆಗೆಯಬಹುದು ಎಂದು ಕೇಳಿದ್ದೇನೆ. ಎಚ್‌ಟಿಎಂಎಲ್ ಸ್ವಲ್ಪ ಬರುತ್ತದೆ. ಕಲಿಯಲು ತಯಾರಿದ್ದೇನೆ, ಬೇಸಿಗೆ ರಜೆ ಪೂರ್ತಿ ಇದಕ್ಕೇ ಇಟ್ಟಿದ್ದೇನೆ. ಯಾವ ದಾರಿ ಹಿಡಿಯಲಿ? ಕನ್ನಡ ಸರಿಯಾಗಿ ಬರುತ್ತದಾ? ತರಗತಿಯಲ್ಲಿ ಇಂಟರ್ನೆಟ್ ಇಲ್ಲ, ಪೆನ್‌ಡ್ರೈವಿನಲ್ಲೇ ಎಲ್ಲ ಆಗಬೇಕು. ಮತ್ತೆ ಒಂದು ಆಸೆ ಇದೆ. ಪ್ರತಿ ಪಾಠದ ಕೊನೆಗೆ ಅದರಲ್ಲಿ ಬಂದ ಇಸವಿಗಳೆಲ್ಲ ಕ್ರಮವಾಗಿ ಕೂತ ಒಂದು ಕಾಲರೇಖೆ ತಾನಾಗಿಯೇ ಬರಬೇಕು.

ಹಳೇಟ್ಯಾಗು:

ಮೇಡಂ, ನಿಮ್ಮ ಕೊನೆಯ ಆಸೆಯೇ ಇಡೀ ಪ್ರಶ್ನೆಗೆ ಉತ್ತರ. ಬರೀ ಚೆಂದದ ಸ್ಲೈಡ್ ಬೇಕಿದ್ದರೆ ನೂರು ದಾರಿ ಇವೆ. ಬರೆದ ಪಾಠದೊಳಗಿಂದ ಇಸವಿಗಳನ್ನು ಹೆಕ್ಕಿ ತೆಗೆದು ಹೊಸ ಸ್ಲೈಡ್ ಕಟ್ಟಬೇಕು ಅಂದರೆ, ಯಾವುದು ಇಸವಿ ಎಂದು ಕಂಪ್ಯೂಟರಿಗೆ ಗೊತ್ತಿರಬೇಕು. ಅದನ್ನು ಹೇಳುವುದು ಟ್ಯಾಗಿನ ಕೆಲಸ. ಹಾಗಾಗಿ ನಾನು ಎಕ್ಸ್‌ಎಂಎಲ್ (ನಾವೇ ಹೆಸರಿಟ್ಟ ಟ್ಯಾಗ್‌ಗಳಲ್ಲಿ ಬರೆಯುವ ವಿಧಾನ) ಮತ್ತು ಎಕ್ಸ್‌ಎಸ್‌ಎಲ್‌ಟಿ (ಅದನ್ನು ಬೇರೆ ರೂಪಕ್ಕೆ ಪರಿವರ್ತಿಸುವ ಭಾಷೆ) ದಾರಿ ಹೇಳುತ್ತೇನೆ. ಎಕ್ಸ್‌ಎಸ್‌ಎಲ್‌ಟಿ ಹಳೆಯದು, 1999ರ ನವೆಂಬರಿನಲ್ಲಿ ವೆಬ್ ಮಾನದಂಡಗಳ ಸಂಸ್ಥೆಯಾದ ಡಬ್ಲ್ಯೂ3ಸಿ ಅದರ ಮೊದಲ ಆವೃತ್ತಿ ತಂದಿತು. ಇವತ್ತಿಗೂ ಹಾಗೇ ಕೆಲಸ ಮಾಡುತ್ತದೆ.

ತುಂಬಾ ಜನಕ್ಕೆ ಗೊತ್ತಿಲ್ಲದ ವಿಷಯ: ಎಕ್ಸ್‌ಎಂಎಲ್‌ನಲ್ಲಿ ಟ್ಯಾಗಿನ ಹೆಸರು ಕನ್ನಡದಲ್ಲೇ ಇರಬಹುದು. ಯೂನಿಕೋಡ್ ಕನ್ನಡದಲ್ಲಿ ಬರೆದರೆ ಸಾಕು. ನಿಮ್ಮ ಪಾಠ ಹೀಗಿರಬಹುದು:

```
<ಪಾಠ>
  <ಹಾಳೆ>
    <ತಲೆಬರಹ>ಬಾದಾಮಿ ಚಾಲುಕ್ಯರು</ತಲೆಬರಹ>
    <ಅಂಶ>ಬಾದಾಮಿಯ ಮೂರನೇ ಗುಹೆ,
      <ವರ್ಷ ಘಟನೆ="ಬಾದಾಮಿ ಗುಹೆಯ ಶಾಸನ">578</ವರ್ಷ></ಅಂಶ>
    <ಅಂಶ>ರವಿಕೀರ್ತಿ ಬರೆದ ಐಹೊಳೆ ಶಾಸನ,
      <ವರ್ಷ ಘಟನೆ="ಐಹೊಳೆ ಶಾಸನ">634</ವರ್ಷ></ಅಂಶ>
    <ಮಾತು>ಇಮ್ಮಡಿ ಪುಲಕೇಶಿ ಹರ್ಷನನ್ನು ತಡೆದದ್ದು
      ಇಲ್ಲಿ ಹೇಳಬೇಕು. ನಕ್ಷೆ ತೋರಿಸಬೇಕು.</ಮಾತು>
  </ಹಾಳೆ>
</ಪಾಠ>
```

ಇಲ್ಲಿ ಬಣ್ಣ ಇಲ್ಲ, ಅಕ್ಷರದ ಗಾತ್ರ ಇಲ್ಲ, ಎಡ ಬಲ ಇಲ್ಲ. ಯಾವುದು ಏನು ಅಂತ ಮಾತ್ರ ಇದೆ. ಅಂಶ ಪರದೆಗೆ, ಮಾತು ನಿಮ್ಮ ಕೈಗೆ, ವರ್ಷ ಎರಡಕ್ಕೂ ಮತ್ತು ಕಾಲರೇಖೆಗೂ. ಇದಕ್ಕೆ ಮೂರು ಸ್ಟೈಲ್‌ಶೀಟ್ ಬರೆಯಿರಿ. ಒಂದು ಸ್ಲೈಡ್ ಕೊಡುತ್ತದೆ, ಒಂದು ಜೆರಾಕ್ಸ್ ನೋಟ್ಸ್, ಒಂದು ನಿಮ್ಮ ಟಿಪ್ಪಣಿ. 1565 ಎಂಬುದು ಒಂದೇ ಕಡೆ ಇರುತ್ತದೆ. ತಪ್ಪಿದ್ದರೆ ಮೂರರಲ್ಲೂ ತಪ್ಪಿರುತ್ತದೆ, ತಿದ್ದಿದರೆ ಮೂರರಲ್ಲೂ ಸರಿಯಾಗುತ್ತದೆ.

ಸ್ಟೈಲ್‌ಶೀಟ್ ಎಂಬ ಮಾತಿಗೆ ಇಲ್ಲಿ ಎರಡು ಅರ್ಥ ಇವೆ, ಅದೇ ಹೊಸಬರಿಗೆ ಗೊಂದಲ. ಸಿಎಸ್‌ಎಸ್ ಇದ್ದದ್ದನ್ನು ಇದ್ದ ಜಾಗದಲ್ಲೇ ಸಿಂಗರಿಸುತ್ತದೆ. ಎಕ್ಸ್‌ಎಸ್‌ಎಲ್‌ಟಿ ಇದ್ದದ್ದನ್ನು ಕಿತ್ತು, ಆರಿಸಿ, ಬೇರೆ ಕ್ರಮದಲ್ಲಿ ಜೋಡಿಸಿ ಹೊಸ ಫೈಲ್ ಕೊಡುತ್ತದೆ. ಕಾಲರೇಖೆ ಎಕ್ಸ್‌ಎಸ್‌ಎಲ್‌ಟಿಯ ಕೆಲಸ, ಇಸವಿಗೆ ಕೆಂಪು ಬಣ್ಣ ಹಚ್ಚುವುದು ಸಿಎಸ್‌ಎಸ್‌ನ ಕೆಲಸ. ನಿಮಗೆ ಎರಡೂ ಬೇಕು.

ಸ್ಲೈಡ್ ಆಗಿ ಓಡಲು ಒಂದು ಎಂಜಿನ್ ಬೇಕಲ್ಲ, ಅದಕ್ಕೆ ರಿವೀಲ್ ಜೆಎಸ್ ತೆಗೆದುಕೊಳ್ಳಿ. ಉಚಿತ. ಅದರಲ್ಲಿ ಒಂದು ಸೆಕ್ಷನ್ ಟ್ಯಾಗ್ ಅಂದರೆ ಒಂದು ಸ್ಲೈಡ್. ಅಂದರೆ ನಿಮ್ಮ ಎಕ್ಸ್‌ಎಸ್‌ಎಲ್‌ಟಿ ಮಾಡಬೇಕಾದ್ದು ಇಷ್ಟೇ: ಹಾಳೆ ಕಂಡಾಗ ಸೆಕ್ಷನ್ ಬರೆ, ತಲೆಬರಹ ಕಂಡಾಗ ಎಚ್2 ಬರೆ, ಅಂಶ ಕಂಡಾಗ ಪಟ್ಟಿಯ ಸಾಲು ಬರೆ, ಮಾತು ಕಂಡಾಗ ನೋಟ್ಸ್ ಎಂಬ ಕ್ಲಾಸ್ ಇರುವ ಅಸೈಡ್ ಬರೆ. ಆ ಅಸೈಡ್ ಪರದೆ ಮೇಲೆ ಕಾಣುವುದಿಲ್ಲ, ಎಸ್ ಕೀ ಒತ್ತಿದರೆ ಬೇರೆ ಕಿಟಕಿಯಲ್ಲಿ ನಿಮಗೆ ಮಾತ್ರ ಕಾಣುತ್ತದೆ. ರಿವೀಲ್ ಫೋಲ್ಡರನ್ನು ಪೆನ್‌ಡ್ರೈವಿಗೆ ಹಾಕಿ, ಕೊಂಡಿಗಳೆಲ್ಲ ಆ ಫೋಲ್ಡರಿಗೇ ಇರಲಿ. ನೆಟ್ ಬೇಡ.

ಪರಿವರ್ತನೆಯನ್ನು ಮನೆಯಲ್ಲೇ ಮಾಡಿ ಮುಗಿಸಿ. ಲಿನಕ್ಸ್ ಅಥವಾ ಮ್ಯಾಕ್ ಇದ್ದರೆ ಎಕ್ಸ್‌ಎಸ್‌ಎಲ್‌ಟಿಪ್ರೊಕ್ ಎಂಬ ಆಜ್ಞೆ, ಅದಕ್ಕೆ ಮೊದಲು ಸ್ಟೈಲ್‌ಶೀಟಿನ ಹೆಸರು, ಆಮೇಲೆ ಪಾಠದ ಹೆಸರು. ವಿಂಡೋಸ್ ಆದರೆ ಪವರ್‌ಶೆಲ್ ಒಳಗಿಂದಲೇ ಡಾಟ್‌ನೆಟ್‌ನ ಎಕ್ಸ್‌ಎಸ್‌ಎಲ್‌ಟಿ ಎಂಜಿನ್ ಕರೆಯಬಹುದು. ಎಕ್ಸ್‌ಎಂಎಲ್ ಫೈಲನ್ನೇ ಬ್ರೌಸರಿಗೆ ಕೊಟ್ಟು ಅಲ್ಲೇ ಪರಿವರ್ತಿಸುವ ಹಳೇ ಉಪಾಯ ಕೆಲವರು ಹೇಳುತ್ತಾರೆ, ಅದನ್ನು ನಂಬಬೇಡಿ. ಬ್ರೌಸರಿನ ಒಳಗಿನ ಎಕ್ಸ್‌ಎಸ್‌ಎಲ್‌ಟಿಯನ್ನು ತೆಗೆದುಹಾಕುವ ಯೋಜನೆಯನ್ನು ಕ್ರೋಮ್ ತಂಡ 2025ರಲ್ಲಿ ಪ್ರಕಟಿಸಿದೆ.

ಇದೇ ಕೆಲಸಕ್ಕೆಂದೇ ಮಾಡಿದ ಸಿದ್ಧ ಟ್ಯಾಗ್‌ಗಳೂ ಇವೆ. ನಾರ್ಮನ್ ವಾಲ್ಶ್ ಅವರ ಡಾಕ್‌ಬುಕ್ ಸ್ಲೈಡ್ಸ್‌ನಲ್ಲಿ ಸ್ಲೈಡಿಗೆ ಫಾಯಿಲ್ ಎಂದು ಹೆಸರು, ಓವರ್‌ಹೆಡ್ ಪ್ರೊಜೆಕ್ಟರ್ ಕಾಲದ ನೆನಪು ಅದು. ಆದರೆ ಅದರಲ್ಲಿ ನಿಮ್ಮ ಇಸವಿಗೂ ಘಟನೆಗೂ ಹೇಳಿ ಮಾಡಿಸಿದ ಟ್ಯಾಗ್ ಸಿಗುವುದಿಲ್ಲ. ಏಳೆಂಟು ಟ್ಯಾಗ್ ಸಾಕಾಗುವ ನಿಮಗೆ ಸ್ವಂತದ್ದೇ ಒಳ್ಳೆಯದು ಎಂದು ನನ್ನ ಅಭಿಪ್ರಾಯ.

ಗುಬ್ಬಚ್ಚಿ:

ಸರ್ ಹೇಳಿದ್ದು ಸರಿ, ಆದರೆ ರಜೆಯ ಮೊದಲ ವಾರದಲ್ಲೇ ಮೇಡಂ ಕೈಬಿಟ್ಟರೆ ಎಂಬ ಚಿಂತೆ ನನಗೆ. ಹಾಗಾಗಿ ಇನ್ನೊಂದು ದಾರಿಯೂ ಗೊತ್ತಿರಲಿ.

ಮಾರ್ಕ್‌ಡೌನ್‌ನಲ್ಲಿ ಬರೆಯಿರಿ. ತಲೆಬರಹದ ಮುಂದೆ ಎರಡು ಹ್ಯಾಶ್, ಅಂಶದ ಮುಂದೆ ಒಂದು ಗೆರೆ, ಅಷ್ಟೇ. ಅದನ್ನು ಪ್ಯಾಂಡಾಕ್ ಎಂಬ ಪರಿವರ್ತಕ ತಂತ್ರಾಂಶಕ್ಕೆ ಕೊಟ್ಟರೆ ಅದೇ ರಿವೀಲ್ ಸ್ಲೈಡ್ ಆಗಿ ಬರುತ್ತದೆ, ಬೇಕೆಂದರೆ ಪವರ್‌ಪಾಯಿಂಟ್ ಆಗಿಯೂ ಬರುತ್ತದೆ, ಬೀಮರ್ ಎಂಬ ಸ್ಲೈಡ್ ಸಾಧನದ ಮೂಲಕ ಪಿಡಿಎಫ್ ಕೂಡ. ಜಾನ್ ಮ್ಯಾಕ್‌ಫಾರ್ಲೇನ್ ಎಂಬ ತತ್ವಶಾಸ್ತ್ರದ ಪ್ರಾಧ್ಯಾಪಕರು 2006ರಲ್ಲಿ ಶುರು ಮಾಡಿದ್ದು ಪ್ಯಾಂಡಾಕ್. ಪಾಠ ಮಾಡುವವರೇ ಮಾಡಿದ ಸಾಧನ, ಅದು ಬಳಸುವಾಗ ಗೊತ್ತಾಗುತ್ತದೆ. ನಿಮ್ಮ ಟಿಪ್ಪಣಿಯನ್ನು ನೋಟ್ಸ್ ಎಂದು ಗುರುತಿಸಿದ ಒಂದು ಡಬ್ಬಿಯಲ್ಲಿ ಹಾಕಿದರೆ ಅದು ಪರದೆಗೆ ಬರುವುದಿಲ್ಲ.

ನೆಟ್ ಇಲ್ಲದ ಕೋಣೆಗೆ ಒಂದು ಮಾತು ನೆನಪಿಡಿ. ಸುಮ್ನೆ ಪರಿವರ್ತಿಸಿದರೆ ಪ್ಯಾಂಡಾಕ್ ಕೊಡುವ ಫೈಲ್ ರಿವೀಲ್ ಅನ್ನು ನೆಟ್‌ನಿಂದ ಎಳೆದುಕೊಳ್ಳಲು ನೋಡುತ್ತದೆ. ಮನೆಯಲ್ಲಿ ಚೆನ್ನಾಗಿ ಓಡಿ ತರಗತಿಯಲ್ಲಿ ಎಲ್ಲ ಸ್ಲೈಡೂ ಒಂದರ ಕೆಳಗೆ ಒಂದು ಬೋಳಾಗಿ ನಿಲ್ಲುತ್ತದೆ. ಎಂಬೆಡ್-ರಿಸೋರ್ಸಸ್ ಎಂಬ ಆಯ್ಕೆ ಕೊಟ್ಟರೆ ಚಿತ್ರ, ಫಾಂಟ್, ಸ್ಟೈಲ್ ಎಲ್ಲ ಒಂದೇ ಫೈಲ್ ಒಳಗೆ ಸೇರುತ್ತದೆ. ಸ್ವಲ್ಪ ದಪ್ಪ ಆಗುತ್ತದೆ ಅಷ್ಟೇ, ಪೆನ್‌ಡ್ರೈವಿಗೆ ಅದು ಲೆಕ್ಕವೇ ಅಲ್ಲ.

ಕಾಲರೇಖೆ ಮಾತ್ರ ಇದರಲ್ಲಿ ಸುಲಭವಾಗಿ ಬರುವುದಿಲ್ಲ. ಅದಕ್ಕೆ ಲುವಾ ಫಿಲ್ಟರ್, ಅಂದರೆ ಲುವಾ ಭಾಷೆಯಲ್ಲಿ ಒಂದು ಸಣ್ಣ ಪ್ರೋಗ್ರಾಂ, ಬರೆಯಬೇಕು. ಅದೇ ಮುಖ್ಯ ಎಂದರೆ ಹಳೇಟ್ಯಾಗು ಸರ್ ದಾರಿಯೇ ನೆಟ್ಟಗೆ ಇದೆ.

ಒತ್ತಕ್ಷರ:

ನಾನು ಕನ್ನಡದ ಅಕ್ಷರಗಳ ಬಗ್ಗೆ ಮಾತ್ರ ಹೇಳುತ್ತೇನೆ, ಏಕೆಂದರೆ ಎಂಜಿನ್ ಯಾವುದೇ ಆದರೂ ಪೆಟ್ಟು ಬೀಳುವುದು ಇಲ್ಲೇ.

ಈ ಸಿದ್ಧ ಥೀಮ್‌ಗಳೆಲ್ಲ ರೋಮನ್ ಅಕ್ಷರ ಕಣ್ಣಲ್ಲಿಟ್ಟುಕೊಂಡು ಮಾಡಿದವು. ರಿವೀಲ್‌ನಲ್ಲಿ ತಲೆಬರಹದ ಸಾಲಿನ ಎತ್ತರ 1.2 ಇರುತ್ತದೆ. ಇಂಗ್ಲಿಷಿಗೆ ಅದು ಚೆಂದ. ಕನ್ನಡದಲ್ಲಿ ಅಕ್ಷರದ ಕೆಳಗೆ ಒತ್ತು ಇಳಿಯುತ್ತದೆ, ಮೇಲೆ ಗುಡಿಸು ಏಳುತ್ತದೆ. "ರಾಷ್ಟ್ರಕೂಟರ ಸಾಮ್ರಾಜ್ಯ ವಿಸ್ತರಣೆ" ಎಂದು ಎರಡು ಸಾಲಿನ ತಲೆಬರಹ ಕೊಟ್ಟು ನೋಡಿ, ಮೇಲಿನ ಸಾಲಿನ ಷ್ಟ್ರ ಕೆಳಗಿನ ಸಾಲಿನ ತಲೆ ಮೇಲೆ ಕೂರುತ್ತದೆ. ಹಿಂದಿನ ಬೆಂಚಿನಿಂದ ಓದಲು ಆಗುವುದಿಲ್ಲ. ತಲೆಬರಹಕ್ಕೆ 1.5, ಒಳಗಿನ ಬರಹಕ್ಕೆ 1.6 ಅಥವಾ 1.7 ಕೊಡಿ. ನನ್ನ ಅನುಭವದಲ್ಲಿ ಇದೊಂದೇ ಬದಲಾವಣೆ ಅರ್ಧ ಕೆಲಸ ಮಾಡುತ್ತದೆ.

ಎರಡನೆಯದು ಓರೆ ಅಕ್ಷರ. ಒತ್ತು ಕೊಟ್ಟು ಹೇಳಬೇಕಾದ ಪದಕ್ಕೆ ಬ್ರೌಸರ್ ಇಟಾಲಿಕ್ ಹಾಕುತ್ತದೆ. ಸಾಮಾನ್ಯವಾಗಿ ಬಳಸುವ ಕನ್ನಡ ಫಾಂಟ್‌ಗಳಲ್ಲಿ ಇಟಾಲಿಕ್ ಇರುವುದಿಲ್ಲ, ಹಾಗಾಗಿ ಬ್ರೌಸರ್ ಇರುವ ಅಕ್ಷರವನ್ನೇ ಹಿಡಿದು ಪಕ್ಕಕ್ಕೆ ತಳ್ಳುತ್ತದೆ. ನಮ್ಮ ದುಂಡು ಅಕ್ಷರ ಬಿದ್ದುಹೋಗುವ ಹಾಗೆ ಕಾಣುತ್ತದೆ. ಸಿಎಸ್‌ಎಸ್‌ನಲ್ಲಿ ಆ ಟ್ಯಾಗಿಗೆ ಓರೆ ತೆಗೆದು ಬಣ್ಣ ಕೊಡಿ, ಅಥವಾ ದಪ್ಪ ಮಾಡಿ. ಇಸವಿಗೂ ಹಾಗೇ, ಒಂದು ಬಣ್ಣ ನಿಗದಿ ಮಾಡಿ. ವರ್ಷಪೂರ್ತಿ ಎಲ್ಲ ಪಾಠದಲ್ಲೂ ಇಸವಿ ಅದೇ ಬಣ್ಣದಲ್ಲಿ ಬಂದರೆ ಮಕ್ಕಳ ಕಣ್ಣು ಅದನ್ನೇ ಹುಡುಕುತ್ತದೆ.

ಅಕ್ಷರಗಳ ನಡುವೆ ಜಾಗ ಬಿಡಿಸುವ ಲೆಟರ್-ಸ್ಪೇಸಿಂಗ್ ಇದ್ದರೆ ಸೊನ್ನೆ ಮಾಡಿ. ಎರಡೂ ಅಂಚು ಸಮ ಮಾಡುವ ಜಸ್ಟಿಫೈ ಬೇಡ, ನಮ್ಮ ಪದಗಳು ಉದ್ದ, ನಡುವೆ ದೊಡ್ಡ ದೊಡ್ಡ ಹೊಂಡ ಬೀಳುತ್ತವೆ. ಇದೇ ಕಾರಣಕ್ಕೆ ಸ್ಲೈಡನ್ನು ಎರಡು ಕಿರಿದಾದ ಕಂಬ ಮಾಡುವುದೂ ಬೇಡ.

ಫಾಂಟ್ ಕೋಣೆಯ ಕಂಪ್ಯೂಟರಿನಲ್ಲಿ ಇರುತ್ತದೆ ಎಂದು ನೆಚ್ಚಿಕೊಳ್ಳಬೇಡಿ. ವಿಂಡೋಸ್ 8ರಿಂದ ಈಚೆಗೆ ನಿರ್ಮಲಾ ಯುಐ ಇರುತ್ತದೆ, ಅದಕ್ಕೂ ಹಿಂದಿನದರಲ್ಲಿ ತುಂಗಾ. ಎರಡೂ ಇಲ್ಲದ ಯಂತ್ರವೂ ಇರಬಹುದು. ನೋಟೋ ಸ್ಯಾನ್ಸ್ ಕನ್ನಡ ಮುಕ್ತ ಪರವಾನಗಿಯದು, ಫಾಂಟ್ ಫೈಲನ್ನೇ ಪೆನ್‌ಡ್ರೈವಿನಲ್ಲಿಟ್ಟು ಸಿಎಸ್‌ಎಸ್‌ನ ಫಾಂಟ್-ಫೇಸ್‌ನಿಂದ ಕರೆಯಿರಿ. ಹೋದ ತಿಂಗಳು ಆದದ್ದು ಇನ್ನೊಮ್ಮೆ ಆಗುವುದಿಲ್ಲ. ನುಡಿಯ ಹಳೇ ಬರಹವನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಿ. ಪರಿವರ್ತಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಒಂದೊಂದಾಗಿ ಓದಿ ನೋಡಿ, ಧರ್ಮ, ವರ್ಷ, ಕೀರ್ತಿವರ್ಮ ಇಂಥವು. ತಪ್ಪು ನುಸುಳುವುದು ಅಲ್ಲೇ ಜಾಸ್ತಿ.

ಒಂದು ಖುಷಿಯ ವಿಷಯವೂ ಇದೆ. ಪಟ್ಟಿಗೆ ೧, ೨, ೩ ಎಂದು ಕನ್ನಡ ಅಂಕಿ ಬೇಕೆಂದರೆ ಕೈಯಲ್ಲಿ ಬರೆಯಬೇಕಿಲ್ಲ. ಸಿಎಸ್‌ಎಸ್‌ನ ಪಟ್ಟಿ ಶೈಲಿಗಳಲ್ಲಿ ಕನ್ನಡ ಎಂಬ ಹೆಸರಿನದೇ ಒಂದು ಇದೆ. ಅದನ್ನು ಕೊಟ್ಟರೆ ಸಾಕು.

ಸ್ಟಾಫ್‌ರೂಮು:

ನಾನೂ ಮೇಷ್ಟ್ರೇ. ಒಂದು ಪ್ರಶ್ನೆ ಕೇಳಲೇಬೇಕು. ಮೇಡಂ, ಈ ಪಾಠಗಳನ್ನು ನೀವೊಬ್ಬರೇ ತಿದ್ದುತ್ತೀರಾ, ಅಥವಾ ಸಹೋದ್ಯೋಗಿಗಳೂ ತಿದ್ದುತ್ತಾರಾ? ನಮ್ಮಲ್ಲಿ ನಾಲ್ಕು ಜನ ಸೇರಿ ಸ್ಲೈಡ್ ಮಾಡುತ್ತೇವೆ, ಅವರಲ್ಲಿ ಇಬ್ಬರಿಗೆ ಟ್ಯಾಗ್ ತೋರಿಸಿದರೆ ಫೈಲ್ ಮುಚ್ಚಿಬಿಡುತ್ತಾರೆ. ಅಂಥ ಕಡೆ ಪವರ್‌ಪಾಯಿಂಟನ್ನೇ ಶಿಸ್ತಾಗಿ ಬಳಸುವುದು ಮೇಲು. ಸ್ಲೈಡ್ ಮಾಸ್ಟರ್ ಎಂಬುದೂ ಒಂದು ಸ್ಟೈಲ್‌ಶೀಟೇ ಅಲ್ವಾ? ತಲೆಬರಹವನ್ನು ತಲೆಬರಹದ ಚೌಕದಲ್ಲೇ ಬರೆದು, ಸಿಕ್ಕ ಸಿಕ್ಕಲ್ಲಿ ಟೆಕ್ಸ್ಟ್ ಬಾಕ್ಸ್ ಎಳೆಯದೆ ಇದ್ದರೆ, ಮಾಸ್ಟರಿನಲ್ಲಿ ಒಂದು ಕಡೆ ಬದಲಿಸಿದ್ದು ಎಲ್ಲ ಸ್ಲೈಡಿಗೂ ಹೋಗುತ್ತದೆ.

ಅದರಲ್ಲಿ ಕನ್ನಡದ ಫಾಂಟ್ ಬದಲಾಗುತ್ತಲೇ ಇಲ್ಲ ಎಂದು ಒದ್ದಾಡುವವರಿಗೆ ಹೇಳುತ್ತೇನೆ. ಪಿಪಿಟಿಎಕ್ಸ್ (ಪವರ್‌ಪಾಯಿಂಟ್ ಫೈಲ್) ಎಂದರೆ ಜಿಪ್ ಮಾಡಿದ ಎಕ್ಸ್‌ಎಂಎಲ್ ಫೈಲ್‌ಗಳ ಗಂಟು. ಬಿಚ್ಚಿ ಥೀಮ್ ಫೈಲ್ ನೋಡಿದರೆ ಲಿಪಿಗೊಂದರಂತೆ ಫಾಂಟ್ ಪಟ್ಟಿ ಇರುತ್ತದೆ, ಕನ್ನಡದ ಮುಂದೆ ತುಂಗಾ ಎಂದಿರುತ್ತದೆ. ಮೇಲಿನ ಲ್ಯಾಟಿನ್ ಫಾಂಟ್ ಎಷ್ಟು ಬದಲಿಸಿದರೂ ಕನ್ನಡಕ್ಕೆ ಅದು ತಾಗುವುದಿಲ್ಲ. ಆ ಪಟ್ಟಿಯಲ್ಲೇ ಬದಲಿಸಬೇಕು.

ಒಬ್ಬರೇ ತಿದ್ದುವುದಾದರೆ ನನ್ನ ಆಕ್ಷೇಪ ಏನೂ ಇಲ್ಲ.

ತುಂಗಭದ್ರೆ:

ಎಲ್ಲರಿಗೂ ಧನ್ಯವಾದ. ಸ್ಟಾಫ್‌ರೂಮು ಸರ್, ತಿದ್ದುವುದು ನಾನೊಬ್ಬಳೇ. ಹಾಗಾಗಿ ಎಕ್ಸ್‌ಎಂಎಲ್ ದಾರಿಯನ್ನೇ ಹಿಡಿದೆ. ಐದು ದಿನ ಕೂತೆ. ಒಂದು ಟ್ಯಾಗ್ ಮುಚ್ಚುವುದು ಮರೆತರೂ ಇಂಥ ಸಾಲಿನಲ್ಲಿ ತಪ್ಪು ಎಂದು ಹೇಳಿ ನಿಂತುಬಿಡುತ್ತದೆ, ಮೊದಲ ದಿನ ಸಿಟ್ಟು ಬಂತು, ಎರಡನೇ ದಿನದಿಂದ ಅದೇ ಇಷ್ಟವಾಯಿತು.

ಸಾಲಿನ ಎತ್ತರ 1.6 ಮಾಡಿದ ಮೇಲೆ ಸ್ಲೈಡ್ ನೋಡಿ ನನಗೇ ನಂಬಲಾಗಲಿಲ್ಲ. ಇಷ್ಟು ವರ್ಷ ಮಕ್ಕಳಿಗೆ ಎಷ್ಟು ಇಕ್ಕಟ್ಟಾಗಿ ತೋರಿಸುತ್ತಿದ್ದೆ!

ಎರಡು ಕಡೆ ಸಿಕ್ಕಿಬಿದ್ದಿದ್ದೇನೆ. ಒಂದು, ಜೆರಾಕ್ಸ್ ನೋಟ್ಸ್ ತೆಗೆಯುವ ಸ್ಟೈಲ್‌ಶೀಟಿನಲ್ಲಿ ಮಾತು ಟ್ಯಾಗಿನ ಬಗ್ಗೆ ಏನೂ ಬರೆದಿಲ್ಲ, ಆದರೂ ನನ್ನ ಟಿಪ್ಪಣಿಯೆಲ್ಲ ಮಕ್ಕಳ ನೋಟ್ಸ್ ಒಳಗೆ ಬರುತ್ತಿದೆ. ಎರಡು, ಕಾಲರೇಖೆ ಬಂತು, ಆದರೆ ಕ್ರಮ ವಿಚಿತ್ರ. 1336, 1565, ಆಮೇಲೆ 578, 634. ಹಲ್ಮಿಡಿ ಶಾಸನಕ್ಕೆ "ಸುಮಾರು 450" ಎಂದು ಬರೆದಿದ್ದೆ, ಅದು ಎಲ್ಲಕ್ಕಿಂತ ಕೊನೆಗೆ ಹೋಗಿದೆ. ಹಳೇ ಫೈಲಿನಿಂದ ತಂದ ಕೆಲವು ಇಸವಿಗಳು ಕನ್ನಡ ಅಂಕಿಯಲ್ಲೂ ಇವೆ.

ಹಳೇಟ್ಯಾಗು:

ಐದು ದಿನದಲ್ಲಿ ಇಲ್ಲಿಗೆ ಬಂದಿದ್ದೀರಿ ಎಂದರೆ ದೊಡ್ಡ ಮಾತು ಮೇಡಂ.

ಮೊದಲನೆಯದು: ಎಕ್ಸ್‌ಎಸ್‌ಎಲ್‌ಟಿಗೆ ಒಂದು ಹುಟ್ಟುಗುಣ ಇದೆ. ಯಾವ ಟ್ಯಾಗಿಗೆ ನೀವು ನಿಯಮ ಬರೆದಿಲ್ಲವೋ ಅದರ ಟ್ಯಾಗ್ ಮಾತ್ರ ಕಳಚಿ, ಒಳಗಿನ ಬರಹವನ್ನು ಹಾಗೇ ಹೊರಗೆ ಬಿಡುತ್ತದೆ. ಬರಹ ಕಳೆದುಹೋಗಬಾರದು ಎಂಬ ಕಾಳಜಿ ಅದಕ್ಕೆ. ಮಾತು ಬೇಡ ಎಂದರೆ ಮಾತು ಟ್ಯಾಗಿಗೆ ಒಂದು ಖಾಲಿ ಟೆಂಪ್ಲೇಟ್ ಬರೆಯಿರಿ, ಒಳಗೆ ಏನೂ ಇಲ್ಲದ್ದು. ಅದು ಕಂಡಾಗ ಏನೂ ಮಾಡಬೇಡ ಎಂದು ಹೇಳಿದ ಹಾಗೆ.

ಎರಡನೆಯದು: ಸಾರ್ಟ್ ಮಾಡುವಾಗ ಏನೂ ಹೇಳದಿದ್ದರೆ ಅದು ಇಸವಿಗಳನ್ನು ಅಕ್ಷರ ಎಂದು ಓದುತ್ತದೆ. ಮೊದಲ ಅಂಕಿ 1 ಇರುವುದರಿಂದ 1336 ಮುಂದೆ, 5ರಿಂದ ಶುರುವಾಗುವ 578 ಹಿಂದೆ. "ಸುಮಾರು" ಇದ್ದದ್ದು ಸ ಅಕ್ಷರ, ಅಂಕಿಗಳೆಲ್ಲ ಆದ ಮೇಲೆ ಬಂತು. ಸಾರ್ಟ್‌ನಲ್ಲಿ ಡೇಟಾ-ಟೈಪ್ ನಂಬರ್ ಎಂದು ಕೊಡಿ. ಆಗ "ಸುಮಾರು 450" ಸಂಖ್ಯೆಯಲ್ಲವಾದ್ದರಿಂದ ಅದು ಕೂರುವ ಜಾಗವನ್ನು ನೆಚ್ಚಿಕೊಳ್ಳುವ ಹಾಗಿಲ್ಲ, ಅದಕ್ಕೆ ಹೀಗೆ ಮಾಡಿ:

```
<ವರ್ಷ ಕ್ರಮ="450" ಘಟನೆ="ಹಲ್ಮಿಡಿ ಶಾಸನ">ಸುಮಾರು 450</ವರ್ಷ>
```

ಓದುವವರಿಗೆ ಒಳಗಿನದು, ಜೋಡಿಸುವುದಕ್ಕೆ ಕ್ರಮ. ಎಲ್ಲ ವರ್ಷಕ್ಕೂ ಕ್ರಮ ಹಾಕಿಬಿಟ್ಟರೆ ತಲೆನೋವಿಲ್ಲ. ಹಾಕದೆ ಉಳಿದ ಕನ್ನಡ ಅಂಕಿಯ ಇಸವಿಗಳಿಗೆ ಟ್ರಾನ್ಸ್‌ಲೇಟ್ ಎಂಬ ಫಂಕ್ಷನ್ ಇದೆ. ಅದಕ್ಕೆ ಒಂದು ಕಡೆ ೦೧೨೩೪೫೬೭೮೯, ಇನ್ನೊಂದು ಕಡೆ 0123456789 ಕೊಟ್ಟರೆ ಒಂದೊಂದನ್ನೂ ಬದಲಿಸಿಕೊಡುತ್ತದೆ. ಬದಲಿಸದಿದ್ದರೆ ೬೩೪ ಎಂಬುದು ಅದರ ಪಾಲಿಗೆ ಸಂಖ್ಯೆಯೇ ಅಲ್ಲ.

ತುಂಗಭದ್ರೆ:

ಸರ್, ಬಂತು! 450, 578, 634, 1336, 1565. ಮಾತೂ ಮಾಯವಾಯಿತು.

ವಿಜಯನಗರ ಪಾಠದಲ್ಲಿ 1336 ಎರಡು ಹಾಳೆಯಲ್ಲಿ ಬರುತ್ತದೆ, ಹಾಗಾಗಿ ಕಾಲರೇಖೆಯಲ್ಲೂ ಎರಡು ಸಲ ಕೂತಿದೆ. ಅದಕ್ಕೆ ಏನು ಮಾಡಲಿ?

ಹಳೇಟ್ಯಾಗು:

ಅದೇ ಘಟನೆ ಹಿಂದೆಯೇ ಒಮ್ಮೆ ಬಂದಿದೆಯೇ ಎಂದು ಪ್ರಿಸೀಡಿಂಗ್ ಎಂಬ ಅಕ್ಷದಲ್ಲಿ (ಅಂದರೆ ಫೈಲಿನಲ್ಲಿ ಇದಕ್ಕೂ ಮೊದಲು ಬಂದ ಟ್ಯಾಗ್‌ಗಳಲ್ಲಿ) ನೋಡಿ, ಬಂದಿದ್ದರೆ ಬಿಡು ಎಂದು ಶರತ್ತು ಹಾಕಿ. ಹೋಲಿಸುವುದು ಘಟನೆಯನ್ನು, ಇಸವಿಯನ್ನಲ್ಲ. ಒಂದೇ ಇಸವಿಯಲ್ಲಿ ಎರಡು ಬೇರೆ ಘಟನೆ ನಡೆದಿದ್ದರೆ ಎರಡೂ ಉಳಿಯಬೇಕಲ್ಲ. ಸಾವಿರಾರು ಇಸವಿ ಇದ್ದರೆ ಇದು ನಿಧಾನ ಆಗುತ್ತದೆ, ಆಗ ಕೀ ಬಳಸುವ ಮ್ಯೂಂಚ್ ವಿಧಾನ ಬೇಕು. ಒಂದು ಪಾಠದ ನಲವತ್ತು ಐವತ್ತು ಇಸವಿಗೆ ಇದೇ ಸಾಕು.

ತುಂಗಭದ್ರೆ:

ಆಯಿತು ಸರ್. ಘಟನೆಯ ಹೆಸರನ್ನು ಎರಡೂ ಕಡೆ ಒಂದೇ ಥರ ಬರೆದಿರಲಿಲ್ಲ, ಅದನ್ನು ಸರಿ ಮಾಡಿದ ಮೇಲೆ ಒಂದೇ ಉಳಿಯಿತು. ಇವತ್ತು ಕಾಲೇಜಿಗೆ ಹೋಗಿ ಪ್ರೊಜೆಕ್ಟರ್ ಕೋಣೆಯಲ್ಲಿ ನೆಟ್ ಇಲ್ಲದೆ ಪೆನ್‌ಡ್ರೈವಿನಿಂದ ಓಡಿಸಿ, ಕೊನೆಯ ಬೆಂಚಿನಲ್ಲಿ ಕೂತು ಓದಿ ಬಂದೆ. ಷ್ಟ್ರ ಪೂರ್ತಿ ಕಾಣುತ್ತದೆ.